ಗುಂಯ್ ಅನ್ನುವ ಗ್ರೈಂಡರ್: ಮೋಟಾರ್ ಬಿಚ್ಚುವ ಮೊದಲು

ಬೆಂಗಳೂರಿನ ಕಾಮಾಕ್ಷಿಪಾಳ್ಯದ ನಮ್ಮ ಶೆಡ್ಡಿನಲ್ಲಿ ಎರಡು ಲೇತ್, ಒಂದು ಡ್ರಿಲ್ಲಿಂಗ್ ಮಿಷನ್, ಮೂಲೆಯಲ್ಲಿ ಒಂದು 6 ಇಂಚಿನ ಬೆಂಚ್ ಗ್ರೈಂಡರ್ ಇದೆ. ಲೇತ್‌ಗೆ ದಿನಾ ಎಣ್ಣೆ ಸಿಗುತ್ತದೆ, ಗ್ರೈಂಡರ್‌ಗೆ ಬೈಗುಳ ಮಾತ್ರ. ಟೂಲ್ ಬಿಟ್‌ಗೆ ಸಾಣೆ ಹಿಡಿಯಲು, ಡ್ರಿಲ್ ಬಿಟ್ ಚೂಪು ಮಾಡಲು ದಿನಕ್ಕೆ ಇಪ್ಪತ್ತು ಸಲ ಅದರ ಹತ್ತಿರ ಹೋಗುತ್ತೇವೆ. ಆದರೂ ಅದು ನಿಂತ ದಿನವೇ ಅಲ್ಲೊಂದು ಮಿಷನ್ ಇದೆ ಅನ್ನುವುದು ನೆನಪಾಗುವುದು.

ಎರಡು ವರ್ಷದ ಹಿಂದೆ ಏಪ್ರಿಲ್‌ನ ಒಂದು ಬೆಳಿಗ್ಗೆ ಸ್ವಿಚ್ ಹಾಕಿದರೆ ಗುಂಯ್ ಎಂದಿತೇ ಹೊರತು ತಿರುಗಲಿಲ್ಲ. “ಅಣ್ಣಾ, ಕಾಯಿಲ್ ಹೋಯ್ತು” ಎಂದು ನಮ್ಮ ಹುಡುಗ ತೀರ್ಪು ಕೊಟ್ಟ, ಅಂದರೆ ಮೋಟಾರ್ ಒಳಗೆ ಸುತ್ತಿದ ತಂತಿ ಸುಟ್ಟಿದೆ ಎಂದು. ನಾನೂ ನಂಬಿದೆ. ವೈಂಡಿಂಗ್ ಅಂಗಡಿಯವರು ಮುಚ್ಚಳ ಕೂಡ ತೆಗೆಯದೆ ಅದನ್ನೇ ಹೇಳಿದರು. ನಾಲ್ಕು ದಿನ ಬಿಟ್ಟು ಹೊಸ ಕಾಯಿಲ್ ಸುತ್ತಿಸಿಕೊಂಡು ಬಂದೆ. ಸ್ವಿಚ್ ಹಾಕಿದೆ. ಮತ್ತೆ ಗುಂಯ್. ಮೋಟಾರನ್ನು ಸ್ಟಾರ್ಟ್ ಮಾಡಿಸುವುದು ಕಂಡೆನ್ಸರ್. ಅಂಗಡಿಯಲ್ಲಿ ತಮ್ಮದೊಂದು ಕಂಡೆನ್ಸರ್ ಇಟ್ಟು ಟೆಸ್ಟ್ ಮಾಡಿ, ಕೊಡುವಾಗ ನನ್ನ ಹಳೇದನ್ನೇ ಹಾಕಿ ಕೊಟ್ಟಿದ್ದರು. ಮೊದಲಿಂದಲೂ ಸತ್ತಿದ್ದದ್ದು ಆ ಕಂಡೆನ್ಸರ್ರೇ. ಹೊಸದು ತಂದು ಹಾಕಿದೆ. ತಿರುಗಿತು. ಆದರೆ ಉಲ್ಟಾ.

ಆ ಉಲ್ಟಾ ಕಥೆ ಆಮೇಲೆ ಹೇಳುತ್ತೇನೆ. ಅವತ್ತಿನಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ. ಗ್ರೈಂಡರ್ ಕೆಟ್ಟರೆ ಹೊರಗಿನಿಂದ ಒಳಕ್ಕೆ ಹೋಗುವುದು. ಲೈನು, ಸ್ವಿಚ್ಚು, ಕಲ್ಲು, ಕಂಡೆನ್ಸರ್, ಬೇರಿಂಗ್, ಎಲ್ಲಾ ಆದ ಮೇಲೆ ಕಾಯಿಲ್.

ಆಫ್ ಮಾಡಿ ಕಿವಿ ಕೊಡಿ

ಮಿಷನ್ ತಿರುಗುತ್ತಿದೆ, ಆದರೆ ಏನೋ ಸದ್ದು, ಏನೋ ನಡುಕ. ಈ ದೂರಿಗೆ ಮೊದಲ ಪರೀಕ್ಷೆ ಮಾಡಲು ಸ್ಪ್ಯಾನರ್ ಕೂಡ ಬೇಡ. ಪೂರ್ತಿ ಸ್ಪೀಡಿಗೆ ಬರಲಿ. ಕಲ್ಲಿನ ಎದುರು ನಿಲ್ಲದೆ ಪಕ್ಕಕ್ಕೆ ನಿಂತು ಸ್ವಿಚ್ ಆಫ್ ಮಾಡಿ. ಕರೆಂಟ್ ಹೋದ ಕ್ಷಣವೇ ಸದ್ದು ನಿಂತರೆ ಅದು ಕರೆಂಟಿನ ಸದ್ದು. ಕಾಯಿಲ್, ಕಂಡೆನ್ಸರ್, ಸಡಿಲವಾದ ಸ್ಟಾಂಪಿಂಗ್ (ಕಾಯಿಲ್ ಕೂರುವ ತಗಡಿನ ಪದರ), ಇಲ್ಲ ವೋಲ್ಟೇಜ್ ಏರುಪೇರು, ಇವುಗಳ ಕಡೆ ನೋಡಬೇಕು. ಕಲ್ಲು ತಾನಾಗಿ ತಿರುಗಿ ತಿರುಗಿ ನಿಲ್ಲುವವರೆಗೂ ಸದ್ದು ಜೊತೆಗೇ ಬಂದರೆ ಅದು ತಿರುಗುವ ಸಾಮಾನಿನ ಸದ್ದು. ಕಲ್ಲು, ಅದರ ತೂತಿಗೆ ಹಾಕುವ ಬುಷ್, ಶಾಫ್ಟ್, ಬೇರಿಂಗ್, ಈ ನಾಲ್ಕರಲ್ಲಿ ಒಂದು.

ನಿಧಾನವಾಗುವಾಗ ನಡುವೆ ಎಲ್ಲೋ ಒಮ್ಮೆ ನಡುಕ ಜಾಸ್ತಿಯಾಗಿ ಮತ್ತೆ ಇಳಿಯಬಹುದು. ಅದಕ್ಕೆ ಮೋಟಾರ್ ಬಿಚ್ಚಬೇಡಿ. ಆ ಸ್ಪೀಡಿಗೆ ಸ್ಟ್ಯಾಂಡು ತಾಳ ಹಾಕುತ್ತಿದೆ, ಅಷ್ಟೆ. ಕೆಳಗಿನ ಬೋಲ್ಟ್ ಬಿಗಿ ಮಾಡಿ, ಬೆಂಚ್ ಅಲ್ಲಾಡುತ್ತಿದ್ದರೆ ಕಾಲಿಗೆ ಒತ್ತು ಕೊಡಿ.

ನಿಲ್ಲಲು ಎಷ್ಟು ಸೆಕೆಂಡ್ ಹಿಡಿಯುತ್ತದೆ ಎಂದೂ ಎಣಿಸಿ. ನಮ್ಮದು ಚೆನ್ನಾಗಿದ್ದಾಗ ಸುಮಾರು 40 ಸೆಕೆಂಡ್ ತಿರುಗುತ್ತಿತ್ತು. ಹಿಂದಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೆ. ನಿಮ್ಮ ಮಿಷನ್‌ಗೆ ಬೇರೆ ಲೆಕ್ಕ ಬರುತ್ತದೆ. ಕಲ್ಲು ಸವೆದಂತೆ ಅದು ಸ್ವಲ್ಪ ಇಳಿಯುವುದು ಸಹಜ. ಕಲ್ಲು ಅಷ್ಟೇ ಇದ್ದು ಸೆಕೆಂಡ್ ಮಾತ್ರ ಧಡಕ್ಕನೆ ಇಳಿದರೆ ಬೇರಿಂಗ್ ಬಿಗಿಯುತ್ತಿದೆ.

ಗುಂಯ್ ಅನ್ನುತ್ತದೆ, ತಿರುಗಲ್ಲ

ತಕ್ಷಣ ಆಫ್ ಮಾಡಿ. ತಿರುಗದೆ ನಿಂತ ಮೋಟಾರ್ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ‘ಈಗ ತಿರುಗುತ್ತೆ, ಈಗ ತಿರುಗುತ್ತೆ’ ಎಂದು ನೋಡುತ್ತಾ ನಿಂತರೆ ಕಾಯಿಲ್ ನಿಜವಾಗಿಯೂ ಸುಡುತ್ತದೆ, ನಮ್ಮ ಹುಡುಗನ ತೀರ್ಪು ಸರಿಯಾಗುತ್ತದೆ.

ಪ್ಲಗ್ ಕಿತ್ತು ಕಲ್ಲನ್ನು ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗಬೇಕು. ತಿರುಗದಿದ್ದರೆ ಟೂಲ್ ರೆಸ್ಟ್ ಜರುಗಿ ಕಲ್ಲಿಗೆ ತಾಗಿರಬಹುದು, ಗಾರ್ಡ್ ಒಳಗೆ ತುಂಡು ಸಿಕ್ಕಿಕೊಂಡಿರಬಹುದು, ಬೇರಿಂಗ್ ಹಿಡಿದಿರಬಹುದು. ನಮ್ಮಲ್ಲಿ ಒಮ್ಮೆ ಮುರಿದ ಡ್ರಿಲ್ ಬಿಟ್ಟಿನ ತುದಿ ಸಿಕ್ಕಿತ್ತು.

ಸಲೀಸಾಗಿ ತಿರುಗಿದರೆ ವೋಲ್ಟೇಜ್ ನೋಡಿ. ಗೋಡೆಯ ಸಾಕೆಟ್ಟಿನಲ್ಲಿ ನೋಡಿದರೆ ಸಾಲದು. ಗ್ರೈಂಡರ್ ಪ್ಲಗ್ ಎಲ್ಲಿಗೆ ಹಾಕುತ್ತೀರೋ ಆ ಎಕ್ಸ್‌ಟೆನ್ಷನ್ ಬೋರ್ಡಿನಲ್ಲೇ ಮೀಟರ್ ಇಟ್ಟು, ಬೇರೆಯವರಿಂದ ಒಂದೆರಡು ಸೆಕೆಂಡ್ ಸ್ವಿಚ್ ಹಾಕಿಸಿ ನೋಡಬೇಕು. ಬೇಸಿಗೆ ಮಧ್ಯಾಹ್ನ ಅಕ್ಕಪಕ್ಕದ ಶೆಡ್ಡುಗಳಲ್ಲಿ ವೆಲ್ಡಿಂಗ್ ಶುರುವಾದಾಗ ನಮ್ಮ ಬೋರ್ಡಿನಲ್ಲಿ 190 ನೋಡಿದ್ದೇನೆ. ಮೋಟಾರಿನ ತಿರುಗುವ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 230 ಇರಬೇಕಾದಲ್ಲಿ 190 ಬಂದರೆ ವೋಲ್ಟೇಜ್ ಇಳಿದದ್ದು ಸುಮಾರು ಆರನೇ ಒಂದು ಪಾಲು, ಬಲ ಇಳಿದದ್ದು ಸುಮಾರು ಮೂರನೇ ಒಂದು ಪಾಲು. ಸಣ್ಣ ವೈರಿನ ಉದ್ದ ಎಕ್ಸ್‌ಟೆನ್ಷನ್ ಇದ್ದರೆ ಇನ್ನೂ ಕಷ್ಟ. ಟಿವಿ, ಚಾರ್ಜರ್‌ಗೆ ತಂದ ಬೋರ್ಡನ್ನು ಗ್ರೈಂಡರ್‌ಗೆ ಹಾಕಬೇಡಿ.

ವೋಲ್ಟೇಜೂ ಸರಿ ಇದೆ ಅಂದರೆ ಮುಂದಿನ ಪರೀಕ್ಷೆ ಇದು. ಸ್ವಿಚ್ ಆಫ್ ಇರುವಾಗಲೇ ಕಲ್ಲನ್ನು ಅದರ ಸರಿಯಾದ ದಿಕ್ಕಿಗೆ ಕೈಯಿಂದ ಜೋರಾಗಿ ತಿರುಗಿಸಿ. ಕೈ ಪೂರ್ತಿ ಹೊರಗೆ ತೆಗೆಯಿರಿ. ಆಮೇಲೆ ಸ್ವಿಚ್ ಹಾಕಿ. ಸ್ವಿಚ್ ಆನ್ ಇಟ್ಟುಕೊಂಡು ಕೈಯಿಂದ ದೂಡುವವರಿದ್ದಾರೆ, ದಯವಿಟ್ಟು ಆ ಸಾಹಸ ಬೇಡ. ಹೀಗೆ ತಳ್ಳಿದ ಮೇಲೆ ಮಿಷನ್ ತಾನೇ ಸ್ಪೀಡ್ ಹಿಡಿದರೆ ಓಡಿಸುವ ರನ್ನಿಂಗ್ ಕಾಯಿಲ್ ಬದುಕಿದೆ, ಮೊದಲ ತಳ್ಳು ಕೊಡುವ ಸ್ಟಾರ್ಟಿಂಗ್ ಕಾಯಿಲ್ ಕಡೆ ತೊಂದರೆ. ನೂರಕ್ಕೆ ಇಷ್ಟು ಎಂದು ಲೆಕ್ಕ ಇಟ್ಟಿಲ್ಲ, ಆದರೆ ನನ್ನ ಕೈಗೆ ಬಂದವುಗಳಲ್ಲಿ ಬಹುಪಾಲು ಕಂಡೆನ್ಸರ್ರೇ.

ಕಂಡೆನ್ಸರ್ ಸಾಮಾನ್ಯವಾಗಿ ಬೇಸಿನ ಕೆಳಗೆ, ತಗಡಿನ ಮುಚ್ಚಳದ ಒಳಗೆ ಇರುತ್ತದೆ. ಪ್ಲಗ್ ಕಿತ್ತಿದ್ದರೂ ಅದರಲ್ಲಿ ಚಾರ್ಜ್ ಉಳಿದಿರಬಹುದು. ಹೋಲ್ಡರ್‌ಗೆ ಹಾಕಿದ ಹಳೇ 60 ವ್ಯಾಟ್ ಬಲ್ಬಿನ ಎರಡು ವೈರನ್ನು ಅದರ ಎರಡು ತುದಿಗೆ ಕೆಲವು ಸೆಕೆಂಡ್ ಹಿಡಿಯಿರಿ, ಇಳಿದುಹೋಗುತ್ತದೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಪಟ್ ಅನ್ನಿಸುವುದು ಎಲ್ಲರ ಅಭ್ಯಾಸ. ಅದರಿಂದ ಕಂಡೆನ್ಸರ್‌ಗೂ ಪೆಟ್ಟು, ನಿಮಗೂ ಪೆಟ್ಟು. ಆಮೇಲೆ ಒಂದು ವೈರ್ ಬಿಡಿಸಿ ಮೀಟರಿನ ಮೈಕ್ರೋಫ್ಯಾರಡ್ ಜಾಗದಲ್ಲಿ ಅಳೆಯಿರಿ. ನಮ್ಮದರ ಮೇಲೆ 10 ಮೈಕ್ರೋಫ್ಯಾರಡ್, 440 ವೋಲ್ಟ್, 5 ಪರ್ಸೆಂಟ್ ಎಂದು ಬರೆದಿತ್ತು. ಅಂದರೆ 9.5ರಿಂದ 10.5ರ ಒಳಗೆ ತೋರಿಸಬೇಕು. ತೋರಿಸಿದ್ದು 3. ಉಬ್ಬಿದ್ದರೆ, ಅಂಟು ಸೋರಿದ್ದರೆ ಅಳೆಯುವ ಅಗತ್ಯವೂ ಇಲ್ಲ.

ಎಸ್‌.ಪಿ. ರೋಡಿನಲ್ಲಿ ಇದು ಸುಲಭವಾಗಿ ಸಿಗುತ್ತದೆ. ಹಳೇದನ್ನು ತೋರಿಸಿ ಅದೇ ಮೈಕ್ರೋಫ್ಯಾರಡ್ ಕೇಳಿ. ವೋಲ್ಟ್ ಜಾಸ್ತಿ ಇದ್ದರೆ ಪರವಾಗಿಲ್ಲ, ಕಡಿಮೆ ಇರಬಾರದು. ಸೀಲಿಂಗ್ ಫ್ಯಾನಿನ 2.5 ಮೈಕ್ರೋಫ್ಯಾರಡ್ ಕಂಡೆನ್ಸರ್ ಹಾಕಿ ‘ಸದ್ಯಕ್ಕೆ ನಡೀಲಿ’ ಅನ್ನುವುದು ಬೇಡ. ದೊಡ್ಡದು ಹಾಕಿದರೆ ಜೋರಾಗಿ ಎಳೆಯುತ್ತದೆ ಅನ್ನುವುದೂ ಬರೀ ಆಸೆ. ಕಂಡೆನ್ಸರ್ ಯಾವಾಗಲೂ ಲೈನಿನಲ್ಲೇ ಇರುವ ಮೋಟಾರಿನಲ್ಲಿ ಅದರಿಂದ ಸ್ಟಾರ್ಟಿಂಗ್ ಕಾಯಿಲ್ ಬಿಸಿಯಾಗುತ್ತದೆ.

ಕೆಲವು ಮಿಷನ್‌ಗಳಲ್ಲಿ ಒಳಗೆ, ಸ್ಪೀಡ್ ಬಂದ ಮೇಲೆ ಸ್ಟಾರ್ಟಿಂಗ್ ಕಾಯಿಲ್ ಬಿಡಿಸುವ ಸೆಂಟ್ರಿಫ್ಯೂಗಲ್ ಸ್ವಿಚ್ ಇರುತ್ತದೆ. ಆಫ್ ಮಾಡಿ ನಿಧಾನವಾಗುವಾಗ ‘ಟಕ್’ ಎಂದು ಕೇಳಿಸುತ್ತದಲ್ಲ, ಅದೇ. ಆ ಟಕ್ ನಿಂತಿದ್ದರೆ ಅದರ ಕಾಂಟ್ಯಾಕ್ಟಿಗೆ ಕಬ್ಬಿಣದ ಪುಡಿ ಕೂತಿರುತ್ತದೆ, ಇಲ್ಲ ಸುಟ್ಟಿರುತ್ತದೆ.

ಇಷ್ಟೆಲ್ಲ ಸರಿ ಇದ್ದರೆ ಮಾತ್ರ ಕಾಯಿಲ್ ಮೇಲೆ ಅನುಮಾನ ಪಡಿ. ಕಂಡೆನ್ಸರ್ ಬಿಡಿಸಿ ಮೂರು ವೈರ್‌ಗಳ ನಡುವೆ ಓಮ್ಸ್ ಅಳೆಯಿರಿ. ಎರಡೂ ಕಾಯಿಲ್ ಸೇರುವ ವೈರೇ ಕಾಮನ್. ಕಾಮನ್‌ನಿಂದ ರನ್ನಿಂಗ್‌ಗೆ ಕಡಿಮೆ, ಕಾಮನ್‌ನಿಂದ ಸ್ಟಾರ್ಟಿಂಗ್‌ಗೆ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ, ರನ್ನಿಂಗ್‌ನಿಂದ ಸ್ಟಾರ್ಟಿಂಗ್‌ಗೆ ಇವೆರಡರ ಮೊತ್ತ ಬರಬೇಕು. ಕೂಡಿಸಿದ ಲೆಕ್ಕ ತಾಳೆಯಾಗದಿದ್ದರೆ, ಇಲ್ಲ ಸುಟ್ಟ ವಾಸನೆ ಬಂದರೆ, ಆಗ ಹೋಗಿ ವೈಂಡಿಂಗ್ ಅಂಗಡಿಗೆ.

ಉಲ್ಟಾ ತಿರುಗಿದರೆ

ಕಲ್ಲಿನ ಮೇಲ್ಭಾಗ ನಿಮ್ಮ ಕಡೆಗೆ ಬಂದು ಕೆಳಗೆ ಇಳಿಯಬೇಕು. ಕಿಡಿ ನೆಲದ ಕಡೆ ಹೋಗಬೇಕು. ನಮ್ಮದು ಹೊಸ ಕಾಯಿಲ್ ಆದ ಮೇಲೆ ಕಿಡಿಯನ್ನು ನೇರ ನನ್ನ ಮುಖಕ್ಕೇ ಎಸೆಯಿತು. ಸ್ಟಾರ್ಟಿಂಗ್ ಕಾಯಿಲ್ಲಿನ ಎರಡು ತುದಿ ಅದಲು ಬದಲಾಗಿತ್ತು.

ಕಿಡಿಗಿಂತ ದೊಡ್ಡ ಅಪಾಯ ನಟ್ಟಿನದು. ಎಡಗಡೆಯ ನಟ್ಟಿಗೆ ಎಡ ಮರೆ (ಉಲ್ಟಾ ತಿರುಪು), ಬಲಗಡೆಯದಕ್ಕೆ ಮಾಮೂಲಿ ಮರೆ ಇರುತ್ತದೆ. ಸರಿಯಾಗಿ ತಿರುಗುವಾಗ ಎರಡೂ ನಟ್ ತಾವಾಗಿಯೇ ಬಿಗಿಯಾಗುತ್ತಾ ಹೋಗಲಿ ಎಂದೇ ಹಾಗೆ ಮಾಡಿರುವುದು. ಉಲ್ಟಾ ತಿರುಗಿದರೆ ಎರಡೂ ಬಿಚ್ಚಿಕೊಳ್ಳುತ್ತವೆ. ಹಾಗಾಗಿ ರಿವೈಂಡಿಂಗ್‌ನಿಂದ ಬಂದ ಗ್ರೈಂಡರ್‌ಗೆ ಕಲ್ಲು ಹಾಕುವ ಮೊದಲೇ ಬರಿಯ ಶಾಫ್ಟ್ ತಿರುಗಿಸಿ ದಿಕ್ಕು ನೋಡಿ. ನಾನು ಈಗ ಬಾಡಿ ಮೇಲೆ ಕೆಂಪು ಪೇಂಟಿನಲ್ಲಿ ಬಾಣ ಬರೆದಿದ್ದೇನೆ.

ನಟ್ ಬಿಚ್ಚಲು ಯಾವ ಕಡೆ ತಿರುಗಿಸಬೇಕು ಎಂದು ಪ್ರತಿ ಸಲವೂ ಗೊಂದಲ, ಅಲ್ವಾ? ಕಲ್ಲು ಓಡುವ ದಿಕ್ಕಿಗೇ ನಟ್ ತಿರುಗಿಸಿ. ಎರಡೂ ಕಡೆ ಇದೇ ಲೆಕ್ಕ. ಇನ್ನೊಂದು ಕಡೆಯ ಕಲ್ಲನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಸ್ಪ್ಯಾನರ್‌ಗೆ ಸುತ್ತಿಗೆಯಲ್ಲಿ ಹೊಡೆಯಬೇಡಿ.

ನಡುಕ

ಇದಕ್ಕೆ ಕಾರಣ ಜಾಸ್ತಿ, ತಾಳ್ಮೆಯೂ ಜಾಸ್ತಿ ಬೇಕು. 150 ಮಿ.ಮೀ. ಕಲ್ಲು ನಿಮಿಷಕ್ಕೆ ಸುಮಾರು 2850 ಸುತ್ತು ತಿರುಗುವಾಗ ಅದರ ಅಂಚು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಗಂಟೆಗೆ 80 ಕಿಲೋಮೀಟರ್. ಆ ವೇಗದಲ್ಲಿ ಒಂದು ಬದಿ ಕೆಲವೇ ಗ್ರಾಂ ಜಾಸ್ತಿ ತೂಗಿದರೂ ಬೆಂಚ್ ನಡುಗುತ್ತದೆ. ಒಡಕಲು ಕಲ್ಲಾದರೆ ಅದೇ ವೇಗದಲ್ಲಿ ಚೂರು ಹಾರುತ್ತದೆ. ಅದಕ್ಕೇ ನಡುಕ ಹೊಸದಾಗಿ ಶುರುವಾದರೆ ‘ಇನ್ನೆರಡು ಬಿಟ್ ಮುಗಿಸಿ ನೋಡೋಣ’ ಅನ್ನುವುದಿಲ್ಲ, ನಿಲ್ಲಿಸಿಬಿಡುತ್ತೇನೆ.

ಮೊದಲು ಕಲ್ಲು ತೆಗೆದು ತಟ್ಟಿ ನೋಡುವುದು. ಒಣಗಿದ ಕಲ್ಲನ್ನು ಒಂದು ಬೆರಳಿಗೋ ಕಡ್ಡಿಗೋ ನೇತುಹಾಕಿ, ಸ್ಕ್ರೂಡ್ರೈವರ್‌ನ ಪ್ಲಾಸ್ಟಿಕ್ ಹಿಡಿಯಿಂದ ಅಂಚಿನ ಹತ್ತಿರ ಮೆಲ್ಲಗೆ ತಟ್ಟಿ. ಸಂತೆಯಲ್ಲಿ ಮಡಕೆ ತಟ್ಟಿ ಕೊಳ್ಳುತ್ತೇವಲ್ಲ, ಹಾಗೇ. ಟಣ್ ಅಂದರೆ ಸರಿ. ದಬ್ ಅಂದರೆ ಕಣ್ಣಿಗೆ ಬಿರುಕು ಕಾಣದಿದ್ದರೂ ಅದನ್ನು ಒಡೆದು ಕಸಕ್ಕೆ ಹಾಕಿ. ಒಡೆಯದೆ ಮೂಲೆಗೆ ಇಟ್ಟರೆ ಯಾರೋ ಒಂದು ದಿನ ಎತ್ತಿ ಮತ್ತೆ ಹಾಕುತ್ತಾರೆ. ಈ ಪರೀಕ್ಷೆ ಮಾಮೂಲಿ ವಿಟ್ರಿಫೈಡ್ (ಮಡಕೆಯಂತೆ ಸುಟ್ಟು ಮಾಡಿದ) ಕಲ್ಲಿಗೆ. ರೆಸಿನ್ ಅಂಟಿನ ಕಲ್ಲು ಚೆನ್ನಾಗಿದ್ದರೂ ಅಷ್ಟು ಗಣಗಣ ಅನ್ನುವುದಿಲ್ಲ.

ಕಲ್ಲೆರಡನ್ನೂ, ಅವನ್ನು ಎರಡು ಬದಿಯಿಂದ ಒತ್ತಿ ಹಿಡಿಯುವ ಫ್ಲ್ಯಾಂಜ್ ಬಿಲ್ಲೆ, ನಟ್ಟುಗಳನ್ನೂ ತೆಗೆದು ಬರಿ ಮೋಟಾರ್ ಓಡಿಸಿ. ಆಗಲೂ ನಡುಗಿದರೆ ಬೇರಿಂಗ್, ಇಲ್ಲ ಬಗ್ಗಿದ ಶಾಫ್ಟ್. ನುಣುಪಾಗಿ ಓಡಿದರೆ ಒಂದೊಂದೇ ಕಲ್ಲು ಹಾಕಿ ನೋಡಿ. ಕಳ್ಳ ಯಾವ ಕಡೆ ಇದ್ದಾನೆ ಎಂದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಕಲ್ಲಿನ ತೂತು ಸಾಮಾನ್ಯವಾಗಿ 31.75 ಮಿ.ಮೀ., ಶಾಫ್ಟ್ ಅದಕ್ಕಿಂತ ತುಂಬಾ ಸಣ್ಣದು. ನಡುವೆ ಪ್ಲಾಸ್ಟಿಕ್ ಬುಷ್ ಹಾಕುತ್ತಾರೆ. ಕಡಿಮೆ ಬೆಲೆಯ ಕಲ್ಲಿನ ಜೊತೆ ಬರುವ ಬುಷ್ ಸಡಿಲ ಇರುತ್ತದೆ, ಕಲ್ಲು ನಡುವಿನಿಂದ ಸರಿದು ಕೂರುತ್ತದೆ. ಕಾಗದ, ಟೇಪ್ ಸುತ್ತಿ ತುಂಬಿಸುವುದು ನಮ್ಮ ಕಡೆಯ ಉಪಾಯ. ಅದು ನಿಲ್ಲುವುದಿಲ್ಲ. ಲೇತ್ ಇದ್ದರೆ ಅಲ್ಯೂಮಿನಿಯಂ ಬುಷ್ ಒಂದು ಹೊಡೆದುಬಿಡಿ. ಒಳಗೆ ಶಾಫ್ಟಿಗೆ ಆಟವಿಲ್ಲದೆ ಜಾರಬೇಕು. ಹೊರಗೆ ಕಲ್ಲಿನ ತೂತಿಗೆ ಒತ್ತಿ ತುರುಕುವಂತಿರಬಾರದು, ಬಿಸಿಯಾದಾಗ ಹಿಗ್ಗಿ ಕಲ್ಲನ್ನೇ ಸೀಳುತ್ತದೆ. ಬುಷ್ಷಿನ ಅಗಲ ಕಲ್ಲಿಗಿಂತ ಒಂದು ಕೂದಲಷ್ಟು ಕಡಿಮೆ ಇರಲಿ, ಇಲ್ಲದಿದ್ದರೆ ಫ್ಲ್ಯಾಂಜ್ ಕಲ್ಲನ್ನು ಹಿಡಿಯುವುದೇ ಇಲ್ಲ.

ಕಲ್ಲಿಗೆ ಅಂಟಿಸಿರುವ ರಟ್ಟಿನ ಚಕ್ರವನ್ನು ಕೀಳಬೇಡಿ. ಅದು ಬರೀ ಲೇಬಲ್ ಅಲ್ಲ, ಫ್ಲ್ಯಾಂಜಿನ ಒತ್ತಡವನ್ನು ಸಮನಾಗಿ ಹರಡುವುದು ಅದೇ. ಎರಡೂ ಬದಿಯ ಫ್ಲ್ಯಾಂಜ್ ಒಂದೇ ಅಳತೆಯವಿರಬೇಕು, ಕಲ್ಲಿನ ವ್ಯಾಸದ ಮೂರನೇ ಒಂದು ಭಾಗಕ್ಕಿಂತ ಸಣ್ಣದಿರಬಾರದು. ಒಂದು ಬದಿಗೆ ಮಾಮೂಲಿ ವಾಷರ್ ಹಾಕಿದ ಗ್ರೈಂಡರ್‌ಗಳನ್ನು ಬೇಕಾದಷ್ಟು ಕಡೆ ನೋಡಿದ್ದೇನೆ.

ಎಲ್ಲ ಸರಿ ಇದ್ದೂ ಸ್ವಲ್ಪ ನಡುಕ ಉಳಿದರೆ ಕಲ್ಲಿಗೆ ಡ್ರೆಸ್ಸರ್, ಅಂದರೆ ಕಲ್ಲಿನ ಮೈ ಕೆರೆದು ಸಮ ಮಾಡುವ ಸಾಧನ, ಹಿಡಿಯಬೇಕು. ಕನ್ನಡಕ, ಮಾಸ್ಕ್ ಹಾಕಿಕೊಂಡು, ನಕ್ಷತ್ರದ ಚಕ್ರ ಇರುವ ಡ್ರೆಸ್ಸರನ್ನೋ ಡೈಮಂಡ್ ಡ್ರೆಸ್ಸರನ್ನೋ ರೆಸ್ಟಿನ ಮೇಲೆ ಒರಗಿಸಿ ಅತ್ತಿತ್ತ ಸರಿಸಿ. ಮೊದಲು ಎತ್ತರದ ಜಾಗ ಮಾತ್ರ ತಾಗಿ ‘ಟಕ್ ಟಕ್’ ಅನ್ನುತ್ತದೆ. ಸದ್ದು ಒಂದೇ ಸಮನೆ ಆದಾಗ ಕಲ್ಲು ಗುಂಡಗಾಗಿದೆ. ಹೊಸ ಕಲ್ಲಿಗೂ ಇದು ಬೇಕು.

ಒಂದು ನಡುಕ ಮಾತ್ರ ನನ್ನನ್ನು ಪೂರ್ತಿ ಬೇಸ್ತು ಬೀಳಿಸಿತ್ತು. ಹಿಂದಿನ ಸಂಜೆ ಚೆನ್ನಾಗಿದ್ದ ಗ್ರೈಂಡರ್ ಬೆಳಿಗ್ಗೆ ಬೆಂಚನ್ನೇ ಕುಣಿಸಿತು. ಕಲ್ಲು ತೆಗೆದೆ. ಬುಷ್ ಸರಿ, ಫ್ಲ್ಯಾಂಜ್ ಸರಿ. ತಟ್ಟಿದರೆ ಸದ್ದು ಮಂಕು. ಬಿರುಕು ಎಂದುಕೊಂಡು ಪಕ್ಕಕ್ಕೆ ಇಟ್ಟೆ. ಸಂಜೆ ಒಡೆಯಲು ಎತ್ತಿ, ಸುಮ್ನೆ ಇನ್ನೊಮ್ಮೆ ತಟ್ಟಿದರೆ ಟಣ್! ತಲೆ ಎತ್ತಿ ನೋಡಿದೆ. ಮೇಲಿನ ಶೀಟಿನಲ್ಲಿ ಒಂದು ಮೊಳೆ ತೂತು. ರಾತ್ರಿ ಮಳೆಗೆ ತೊಟ್ಟಿಕ್ಕಿದ ನೀರನ್ನು ಕಲ್ಲು ಕುಡಿದಿತ್ತು, ಕುಡಿದದ್ದೆಲ್ಲ ಕೆಳಗಿನ ಅರ್ಧಕ್ಕೆ ಇಳಿದಿತ್ತು. ಈ ಕಲ್ಲು ಒಳಗೆಲ್ಲ ಸಣ್ಣ ಸಣ್ಣ ತೂತಿನದು, ನೀರು ಹೀರುತ್ತದೆ. ಅದಕ್ಕೇ ಒಣಗಿದ ಕಲ್ಲನ್ನೇ ತಟ್ಟಬೇಕು ಎಂದದ್ದು. ಆಯುಧ ಪೂಜೆಯ ದಿನ ತೊಳೆದು, ಕುಂಕುಮ ಹಚ್ಚಿ, ಹೂವಿನ ಹಾರ ಹಾಕುತ್ತೇವಲ್ಲ, ಮರುದಿನದ ನಡುಕಕ್ಕೂ ಇದೇ ಕಾರಣ. ಬಾಡಿಯನ್ನು ಒರೆಸಿ, ಕಲ್ಲಿಗೆ ನೀರು ಸೋಕಿಸಬೇಡಿ. ಸ್ವಿಚ್ ಹಾಕುವ ಮೊದಲು ಹಾರ ತೆಗೆಯುವುದನ್ನೂ ಮರೆಯಬೇಡಿ.

ಬಿಸಿ

ಮೋಟಾರ್ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ ಅನ್ನುವ ದೂರಿಗೆ ಬಹಳ ಸಲ ಕಾರಣ ಮೊಂಡಾದ ಕಲ್ಲು. ಮೇಲ್ಮೈ ಗಾಜಿನಂತೆ ಹೊಳೆಯುತ್ತಿದ್ದರೆ ಅದು ಕೊರೆಯುವುದಿಲ್ಲ, ಬರೀ ಉಜ್ಜುತ್ತದೆ. ನಾವು ಇನ್ನೂ ಒತ್ತುತ್ತೇವೆ, ಬಿಟ್ಟೂ ನೀಲಿಯಾಗುತ್ತದೆ, ಮೋಟಾರೂ ಕಾಯುತ್ತದೆ. ಡ್ರೆಸ್ಸರ್ ಹಿಡಿದರೆ ಎರಡೂ ಸರಿ. ಅಲ್ಯೂಮಿನಿಯಂ, ಹಿತ್ತಾಳೆ ಹಿಡಿದರೆ ಕಲ್ಲಿನ ತೂತೆಲ್ಲ ಮುಚ್ಚಿಹೋಗುತ್ತದೆ. ಅಲ್ಯೂಮಿನಿಯಂ ಪುಡಿ ಕಬ್ಬಿಣದ ಪುಡಿಯ ಜೊತೆ ಸೇರಿದರೆ ಕಿಡಿಗೆ ಬೆಂಕಿ ಹತ್ತುವ ಭಯವೂ ಇದೆ. ಕಾರ್ಬೈಡ್ ಟೂಲಿಗೆ ಹಸಿರು ಕಲ್ಲೇ ಬೇಕು. ಬೂದು ಕಲ್ಲಿಗೆ ಎಷ್ಟು ಒತ್ತಿದರೂ ಕಲ್ಲೇ ಸವೆಯುತ್ತದೆ. ಬಿಸಿ ಕಾರ್ಬೈಡನ್ನು ನೀರಿಗೆ ಅದ್ದಬೇಡಿ, ಬಿರುಕು ಬಿಡುತ್ತದೆ.

ಏನನ್ನೂ ಹಿಡಿಯದೆ ಓಡಿಸಿದರೂ ಬೇಗ ವಿಪರೀತ ಬಿಸಿಯಾದರೆ ಮಾತ್ರ ಕಂಡೆನ್ಸರ್ ಅಳತೆ, ಬೇರಿಂಗ್, ಕಾಯಿಲ್ ಈ ಕ್ರಮದಲ್ಲಿ ನೋಡಿ.

ಜುಮ್ ಅಂದರೆ

ಬಾಡಿ ಮುಟ್ಟಿದಾಗ ಜುಮ್ ಅಂದರೆ ಚಪ್ಪಲಿ ಹಾಕಿಕೊಂಡು ಕೆಲಸ ಮುಂದುವರಿಸುವವರಿದ್ದಾರೆ. ಪ್ಲಗ್ ಕಿತ್ತುಬಿಡಿ. ಗ್ರೈಂಡರ್ ದಿನಾ ತಾನೇ ಕಬ್ಬಿಣದ ಪುಡಿ ಮಾಡಿ ತಾನೇ ಒಳಗೆ ಎಳೆದುಕೊಳ್ಳುತ್ತದೆ. ಸ್ವಿಚ್ಚಿನ ಹಿಂದೆ, ಟರ್ಮಿನಲ್ ಹತ್ತಿರ ಆ ಪುಡಿ ಕೂತು ಕರೆಂಟಿಗೆ ದಾರಿ ಮಾಡುತ್ತದೆ. ಮುಚ್ಚಳ ತೆಗೆದು ಬ್ರಷ್‌ನಿಂದ ಗುಡಿಸಿ. ಆಮೇಲೆ ಇನ್ಸುಲೇಷನ್ ಅಳೆಯುವ 500 ವೋಲ್ಟ್ ಮೆಗ್ಗರ್‌ನಲ್ಲಿ ಕಾಯಿಲ್ ಮತ್ತು ಬಾಡಿ ನಡುವೆ ನೋಡಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಓಡಿಸಬೇಡಿ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ವೈರ್ ನಿಜವಾಗಿ ಇದೆಯಾ ನೋಡಿ. ನಮ್ಮದರಲ್ಲಿ ವೈರ್ ಬಾಡಿಗೆ ಇತ್ತು, ಪ್ಲಗ್ಗಿನ ಒಳಗೆ ಕತ್ತರಿಸಿ ಬಿಟ್ಟಿದ್ದರು! ಶೆಡ್ಡಿನ ಲೈನಿಗೆ, ಕರೆಂಟ್ ಸೋರಿದರೆ ತಾನೇ ಬೀಳುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಅದು ಪದೇ ಪದೇ ಬೀಳುತ್ತಿದ್ದರೆ ಬೈಪಾಸ್ ಮಾಡಬೇಡಿ, ಅದು ನಿಜ ಹೇಳುತ್ತಿದೆ.

ಕಲ್ಲು ಹಾಕುವಾಗ

ರಿಪೇರಿ ಆದ ಮೇಲೆ ಕಲ್ಲಿನ ಮೇಲೆ ಬರೆದ ಆರ್‌ಪಿಎಂ ಮೋಟಾರಿನ ಆರ್‌ಪಿಎಂಗಿಂತ ಜಾಸ್ತಿ ಇದೆಯಾ ನೋಡಿ. ಟೂಲ್ ರೆಸ್ಟ್ ಮತ್ತು ಕಲ್ಲಿನ ನಡುವೆ 3 ಮಿ.ಮೀ.ಗಿಂತ ಜಾಸ್ತಿ ಸಂದು ಬೇಡ, ಮೇಲಿನ ಗಾರ್ಡ್ ನಾಲಿಗೆಗೆ 6 ಮಿ.ಮೀ. ಸಾಕು. ಕಲ್ಲು ಸವೆದಂತೆ ಮಿಷನ್ ನಿಲ್ಲಿಸಿ ಮುಂದಕ್ಕೆ ತಳ್ಳುತ್ತಿರಬೇಕು. ಸಂದು ದೊಡ್ಡದಾದರೆ ಸಣ್ಣ ಬಿಟ್ ಒಳಗೆ ಎಳೆದುಕೊಳ್ಳುತ್ತದೆ, ಹಿಂದೆಯೇ ಬೆರಳು. ಮೊದಲ ಒಂದು ನಿಮಿಷ ಪಕ್ಕಕ್ಕೆ ನಿಂತು ಖಾಲಿ ಓಡಿಸಿ. ಕಲ್ಲಿನ ಬದಿಗೆ ಒತ್ತಿ ಉಜ್ಜಬೇಡಿ. ಬಟ್ಟೆ ಗ್ಲೌಸ್, ಕೈದಾರ, ಜೋತಾಡುವ ತೋಳು ಯಾವುದೂ ಬೇಡ. ಸಣ್ಣ ತುಂಡನ್ನು ವೈಸ್ ಗ್ರಿಪ್‌ನಲ್ಲಿ ಹಿಡಿಯಿರಿ.

ಬೇರಿಂಗ್

ಕಲ್ಲು ತೆಗೆದು ಶಾಫ್ಟಿನ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಆಟ ಇದ್ದರೆ, ಇಲ್ಲ ಕೈಯಿಂದ ತಿರುಗಿಸಿದಾಗ ಮರಳು ಅರೆದಂತಾದರೆ ಬೇರಿಂಗ್ ಬದಲಿಸಬೇಕು. ಬಿಚ್ಚುವ ಮೊದಲು ಎರಡು ಬದಿಯ ಕವರ್ ಮತ್ತು ಬಾಡಿಗೆ ಸೆಂಟರ್ ಪಂಚ್‌ನಲ್ಲಿ ಗುರುತು ಹೊಡೆದುಕೊಳ್ಳಿ, ಮತ್ತೆ ಅದೇ ಜಾಗಕ್ಕೆ ಕೂರಬೇಕು. ಪುಲ್ಲರ್ ಹಾಕಿ ಎಳೆಯಿರಿ. ಹೊಸದನ್ನು ಕೂರಿಸುವಾಗ ಒಳಗಿನ ರಿಂಗಿಗೆ ಮಾತ್ರ ಪೈಪಿನ ತುಂಡು ಕೊಟ್ಟು ಒತ್ತಿ. ಹೊರಗಿನ ರಿಂಗಿಗೆ ಹೊಡೆದರೆ ಗುಂಡಿನ ದಾರಿಯಲ್ಲಿ ಗುಳಿ ಬಿದ್ದು, ಹೊಸ ಬೇರಿಂಗ್ ಮೊದಲ ದಿನವೇ ಹಳೇದಾಗುತ್ತದೆ. ಕವರಿನ ಒಳಗೆ ಅಲೆ ಅಲೆಯಾಗಿರುವ ಒಂದು ಸ್ಪ್ರಿಂಗ್ ವಾಷರ್ ಇರುತ್ತದೆ. ಅದನ್ನು ಕಳೆದುಕೊಂಡರೆ ಶಾಫ್ಟ್ ಅತ್ತಿತ್ತ ಜರುಗಿ ಕಟಕಟ ಅನ್ನುತ್ತದೆ.

ನಮ್ಮದರಲ್ಲಿ 6203 ಝಡ್‌ಝಡ್ ಇತ್ತು, ಅಂದರೆ ಎರಡೂ ಬದಿಗೆ ತಗಡಿನ ಮುಚ್ಚಳದ್ದು. ಎಸ್‌.ಜೆ.ಪಿ. ರೋಡಿಗೆ ಹಳೇದನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿ, ಅದೇ ಅಳತೆಯಲ್ಲಿ ರಬ್ಬರ್ ಸೀಲಿನ 2ಆರ್‌ಎಸ್ ಕೇಳಿ ತಂದೆ. ಕಲ್ಲಿನ ಪುಡಿಗೆ ತಗಡಿಗಿಂತ ರಬ್ಬರ್ ಮೇಲು. ಬಿಚ್ಚುವ ಮೊದಲು ಗ್ರೈಂಡರ್ 12 ಸೆಕೆಂಡಿಗೇ ನಿಲ್ಲುತ್ತಿತ್ತು. ಈಗ 35ಕ್ಕೆ ನಿಲ್ಲುತ್ತದೆ. ರಬ್ಬರ್ ಸೀಲ್ ಸ್ವಲ್ಪ ಹಿಡಿಯುವುದರಿಂದ ಹಳೇ 40 ಬರುವುದಿಲ್ಲ. ಗೋಡೆ ಮೇಲಿನ 40 ಅಳಿಸಿ 35 ಎಂದು ಬರೆದಿದ್ದೇನೆ, ಪಕ್ಕದಲ್ಲಿ ತಾರೀಖು.